ಏರ್‌ಪಾರ್ಕ್ ನಿಯಮದಲ್ಲಿ ಅಳತೆ ಬರೆಯಿರಿ

ವಿಮಾನವೂ ಕಾರೂ ಒಂದೇ ರಸ್ತೆಯಲ್ಲಿ ಓಡಾಡುವ ಏರ್‌ಪಾರ್ಕ್‌ಗೆ, ಅಂದರೆ ಮನೆಯಲ್ಲೇ ವಿಮಾನ ಇಟ್ಟುಕೊಳ್ಳುವವರ ಬಡಾವಣೆಗೆ, ನಿಯಮ ಮಾಡುತ್ತಿದ್ದರೆ, ‘ವಿಮಾನಕ್ಕೆ ಅಡ್ಡಿಯಾಗಬಾರದು’ ಅಂತ ಸುಮ್ನೆ ಬರೆದು ಬಿಡಬೇಡಿ. ರಸ್ತೆಯ ಅಂಚಿನಿಂದ ಎಷ್ಟು ಅಡಿಯವರೆಗೆ ಅಂಚೆಪೆಟ್ಟಿಗೆ, ಗಿಡ, ಬೋರ್ಡು ಎಷ್ಟು ಎತ್ತರ ಮೀರಬಾರದು ಅನ್ನೋದನ್ನು ಅಂಕಿಯಲ್ಲೇ ಕೊಡಿ. ‘ಅಡ್ಡಿ’ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ, ಟೇಪು ಹಿಡಿದರೆ ಜಗಳವೇ ಇಲ್ಲ. ಸೆಸ್ನಾ 172 ಎಂಬ ಸಣ್ಣ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 36 ಅಡಿ, ಆದರೆ ಅದು ವಿಮಾನದ ಮೇಲ್ಭಾಗದಲ್ಲಿರುತ್ತದೆ. ಅಂಚೆಪೆಟ್ಟಿಗೆಗೆ ತಾಗುವ ಭಯ ಜಾಸ್ತಿ ಇರುವುದು ಪೈಪರ್ ಚೆರೊಕಿಯಂತಹ, ರೆಕ್ಕೆ ಕೆಳಗಿರುವ ವಿಮಾನಗಳಿಗೆ. ಎತ್ತರವನ್ನು ಅವುಗಳ ಲೆಕ್ಕದಲ್ಲೇ ಇಡಿ. ಕ್ಯಾಲಿಫೋರ್ನಿಯಾದ ಕ್ಯಾಮರಾನ್ ಪಾರ್ಕ್ ಎಂಬ ಏರ್‌ಪಾರ್ಕ್‌ನಲ್ಲಿ ರಸ್ತೆ 100 ಅಡಿ ಅಗಲ, ಬೋರ್ಡು ಮತ್ತು ಅಂಚೆಪೆಟ್ಟಿಗೆಗಳು ಗಿಡ್ಡ. ನಿಮ್ಮ ಅಳತೆ ನಿವಾಸಿಗಳ ಸಂಘದ ಸುತ್ತೋಲೆಯಲ್ಲಿದ್ದರೆ ಸಾಲದು, ನಿವೇಶನದ ನೋಂದಾಯಿತ ಷರತ್ತುಗಳಲ್ಲೇ ಸೇರಬೇಕು. ಆಗ ಮನೆ ಕೈ ಬದಲಾದರೂ ನಿಯಮ ಉಳಿಯುತ್ತದೆ. ನಿವೇಶನಗಳು ಆಗಲೇ ಮಾರಾಟವಾಗಿದ್ದರೆ ಮಾತ್ರ ಕಷ್ಟ, ಮಾಲೀಕರ ಒಪ್ಪಿಗೆ ಪಡೆದೇ ಷರತ್ತು ತಿದ್ದಬೇಕಾಗುತ್ತದೆ. ಪಾರ್ಸೆಲ್ ತರುವವರು ಇದನ್ನೆಲ್ಲ ಓದಿರುವುದಿಲ್ಲ ಅಲ್ವಾ, ಅವರಿಗಾಗಿ ಗೇಟಿನಲ್ಲೇ ‘ವಿಮಾನಕ್ಕೆ ದಾರಿ ಬಿಡಿ’ ಅಂತ ದೊಡ್ಡ ಬೋರ್ಡು ಹಾಕಿ.