ಬಿಸಿಲನ್ನು ತಾರಸಿ ಮೇಲೇ ತಡೆದೆ: ಚದರಡಿಗೆ 196 ರೂಪಾಯಿಯ ಲೆಕ್ಕ

ನಮ್ಮ ಮನೆ ಚಿತ್ರದುರ್ಗದಲ್ಲಿ. ತಾರಸಿಗೆ ಹತ್ತಿದರೆ ಕೋಟೆಯ ಬಂಡೆಗಳು ಕಾಣುತ್ತವೆ. ಮಹಡಿ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಮಾರ್ಚ್ ಬಂತೆಂದರೆ ಹಣೆಯ ಬೆವರು ರೇಷ್ಮೆ ಬ್ಲೌಸ್ ಮೇಲೆ ಬಿದ್ದು ಕಲೆಯಾಗುತ್ತಿತ್ತು. ಗಿರಾಕಿಗೆ ಏನು ಹೇಳೋದು? ರಾತ್ರಿ ಇನ್ನೂ ಕಷ್ಟ. ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಐದು ಇಂಚಿನ ಆರ್‌ಸಿಸಿ ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ನಿಧಾನವಾಗಿ ಕೆಳಗೆ ಬಿಡುತ್ತದೆ.

ಅಮ್ಮ ಹುಟ್ಟಿದ್ದು ಚಳ್ಳಕೆರೆ ಕಡೆಯ ಮಾಳಿಗೆ ಮನೆಯಲ್ಲಿ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಅದರ ಮೇಲೆ ದಪ್ಪನೆಯ ಮಣ್ಣು, ನೀರು ಇಳಿಯದಂತೆ ಕರಲು ಮಣ್ಣಿನ ಹೊದಿಕೆ. ಏಪ್ರಿಲ್‌ನಲ್ಲೂ ಮಧ್ಯಾಹ್ನ ಅಲ್ಲಿ ಹಾಯಾಗಿ ಮಲಗುತ್ತಿದ್ದೆವು ಅಂತ ಅಮ್ಮ ಹೇಳುತ್ತಲೇ ಇರುತ್ತಾರೆ. ಆ ಮಣ್ಣು ಬಿಸಿಲನ್ನು ಮೇಲೇ ಹಿಡಿದಿಡುತ್ತಿತ್ತು. ಈ ಮಾತನ್ನು ನಾನು ಮೊದಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ 38,000 ರೂಪಾಯಿ ಉಳಿಯುತ್ತಿತ್ತು.

ಮೊದಲ ವರ್ಷ ತಾರಸಿಗೆ ಸುಣ್ಣ ಬಳಿದೆವು. ಸುಣ್ಣ, ಗೋಂದು, ಬ್ರಷ್ ಸೇರಿ 1,400 ರೂಪಾಯಿ. ಕೆಲಸ ನಾವೇ ಮಾಡಿದೆವು. ಹಾಕಿದ ದುಡ್ಡಿಗೆ ಇದರಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ, ಕೈಯಲ್ಲಿ ದುಡ್ಡಿಲ್ಲದವರು ಇಲ್ಲಿಂದಲೇ ಶುರು ಮಾಡಬೇಕು. ಆದರೆ ಮಳೆಗೆ ತೊಳೆದು ಹೋಗುತ್ತದೆ, ಧೂಳು ಕೂತು ಕಪ್ಪಾಗುತ್ತದೆ, ಪ್ರತಿ ವರ್ಷ ಮತ್ತೆ ಬಳಿಯಬೇಕು.

ಎರಡನೇ ವರ್ಷ ಯಾರದೋ ಮಾತು ಕೇಳಿ ಹೊಲಿಗೆ ಕೋಣೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದೆ. ಅದೇ ಆ 38,000. ಮಧ್ಯಾಹ್ನ ಸ್ವಲ್ಪ ವಾಸಿ ಅನ್ನಿಸಿತು, ಸಂಜೆಗೆ ಮತ್ತೆ ಅದೇ ಕಥೆ. ಕಾಂಕ್ರೀಟ್ ಒಮ್ಮೆ ಕಾದ ಮೇಲೆ ಕೆಳಗೆ ತೆಳ್ಳಗಿನ ಹಲಗೆ ಕಟ್ಟಿದರೆ ಏನು ಬಂತು? ಕಾಯುವ ಮೊದಲೇ ತಡೆಯಬೇಕಿತ್ತು.

ದಾರಿ ಕಂಡಿದ್ದು ಅಮೆರಿಕದ ಮಿನೆಸೋಟದಲ್ಲಿರುವ ತಂಗಿಯ ಜೊತೆ ಮಾತಾಡುವಾಗ. ಅಲ್ಲಿ ಚಾವಣಿಯ ಕೆಳಗೆ ದಪ್ಪಗೆ ಹತ್ತಿಯಂಥ ಪದರ ತುಂಬುತ್ತಾರೆ. ಶಾಖ ತಡೆಯುವ ಶಕ್ತಿಯನ್ನು ಆರ್ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ, ಅಂಥ ಚಳಿ ಊರಿಗೆ 49 ರಿಂದ 60 ಬೇಕಂತೆ. ಹಿಮ ಬಿದ್ದ ಮರುದಿನ ಬೀದಿಯಲ್ಲಿ ನಡೆದರೆ ಸಾಕು, ಯಾರ ಮನೆ ಚಾವಣಿ ಮೇಲೆ ಹಿಮ ಕರಗದೆ ಕೂತಿದೆಯೋ ಅವರ ಮನೆಯ ಶಾಖ ಪೋಲಾಗುತ್ತಿಲ್ಲ ಅಂತ ಅರ್ಥ ಎಂದಳು. ಅವರು ಒಳಗಿನದನ್ನು ಹೊರಗೆ ಬಿಡಬಾರದು, ನಾವು ಹೊರಗಿನದನ್ನು ಒಳಗೆ ಬಿಡಬಾರದು. ಅಷ್ಟೇ ವ್ಯತ್ಯಾಸ ಅಲ್ವಾ?

ತಾರಸಿ ಮೇಲೆ ಹಾಸಲು ನಾನು ಆರಿಸಿದ್ದು ಎಕ್ಸ್‌ಪಿಎಸ್ ಹಲಗೆ, ಅಂದರೆ ಪ್ಲಾಸ್ಟಿಕ್ ನೊರೆಯಿಂದ ಮಾಡಿದ ಗಟ್ಟಿ ಹಲಗೆ, ಎರಡು ಇಂಚು ದಪ್ಪ. ಅದರ ಆರ್ ಅಂಕಿ ಸುಮಾರು 10. ಕಡಿಮೆ ಅನ್ನಿಸಬಹುದು, ಆದರೆ ಅಷ್ಟು ಶಾಖ ತಡೆಯಲು ಬರೀ ಕಾಂಕ್ರೀಟ್ ಹಾಕಿದರೆ ಹಲವು ಅಡಿ ದಪ್ಪ ಬೇಕು. ಥರ್ಮೋಕೋಲ್ ಅಗ್ಗ, ಎರಡೂ ಒಂದೇ ಅಂತ ಅಂಗಡಿಯಲ್ಲಿ ಹೇಳಿದರು. ಒಂದೇ ಅಲ್ಲ. ಥರ್ಮೋಕೋಲ್ ನೀರು ಜಾಸ್ತಿ ಹೀರುತ್ತದೆ, ಭಾರಕ್ಕೆ ಬೇಗ ಕುಸಿಯುತ್ತದೆ.

ಹಲಗೆ ತರುವ ಮೊದಲು ಒಬ್ಬ ಎಂಜಿನಿಯರ್ ಹತ್ತಿರ ತಾರಸಿ ತೋರಿಸಿದೆ. 2,000 ರೂಪಾಯಿ ಕೊಟ್ಟೆ, ಅದು ಸುಮ್ನೆ ಹೋದ ದುಡ್ಡಲ್ಲ. ಹಲಗೆಗೆ ತೂಕವೇ ಇಲ್ಲ, ಅದರ ಮೇಲೆ ಹಾಕುವ ಎರಡು ಇಂಚಿನ ಕಾಂಕ್ರೀಟ್ ಚದರಡಿಗೆ ಹತ್ತು ಕೆಜಿಗೂ ಜಾಸ್ತಿ ಬರುತ್ತದೆ. ನಮ್ಮ 640 ಚದರಡಿಗೆ ಹತ್ತಿರ ಹತ್ತಿರ ಏಳು ಟನ್. ಹಳೇ ತಾರಸಿ ಅದನ್ನು ಹೊರುತ್ತದೆಯೇ ಅಂತ ಕೇಳದೆ ಮುಂದೆ ಹೋಗಬೇಡಿ.

ಇನ್ನು ಖರ್ಚು. ಎಲ್ಲರೂ ಹಲಗೆಯ ಬೆಲೆ ಕೇಳುತ್ತಾರೆ. ಚದರಡಿಗೆ 65 ರಂತೆ 41,600, ಬೆಂಗಳೂರಿನಿಂದ ತರಿಸಿದ ಬಾಡಿಗೆ 3,500. ಆದರೆ ಒಟ್ಟು ಬಿದ್ದದ್ದು 1,25,300, ಅಂದರೆ ಚದರಡಿಗೆ ಸುಮಾರು 196. ಬಿರುಕು ಕೆತ್ತಿ ತುಂಬಿ, ನೀರು ಸೋರದ ಪದರ ಎರಡು ಸಲ ಬಳಿಯಲು 16,000. ಹಲಗೆ ಮೇಲಿನ ಶೀಟಿಗೆ 3,200. ಸಿಮೆಂಟ್, ಮರಳು, ಜಲ್ಲಿ, ಕೋಳಿ ಜಾಲರಿಗೆ 27,000, ಕೂಲಿ 19,000. ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಲು 13,000. ಮೇಲೆ ಹೇಳಿದ 2,000 ಕೂಡ ಸೇರಿತು. ಬಾಡಿಗೆ ಸೇರಿಸಿದರೂ ಹಲಗೆಯ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಹಲಗೆಯ ದಪ್ಪದಲ್ಲಿ ಉಳಿಸಲು ಹೋಗಬೇಡಿ. ಒಂದು ಇಂಚು ಹಾಕಿದರೂ ಕೂಲಿ, ಸಿಮೆಂಟು ಅಷ್ಟೇ. ಸೋರುವ ಕಡೆ ಮಾತ್ರ ಮೊದಲೇ ಸರಿ ಮಾಡಿಸಿ, ಎಲ್ಲ ಮುಚ್ಚಿದ ಮೇಲೆ ಬಿರುಕು ಎಲ್ಲಿದೆ ಅಂತ ಹುಡುಕಲು ಆಗಲ್ಲ.

ಒಂದು ತಪ್ಪು ಮಾಡಿದೆವು. ಕೆಲಸ ಹಿಡಿದದ್ದು ಆಷಾಢದಲ್ಲಿ. ನಮ್ಮೂರಿನ ಗಾಳಿ ಗೊತ್ತಲ್ಲ, ಗುಡ್ಡದ ತುಂಬ ಗಾಳಿಯಂತ್ರ ನಿಲ್ಲಿಸಿರುವುದು ಅದಕ್ಕೇ. ನಾಲ್ಕಡಿ ಎರಡಡಿ ಹಲಗೆ ಒಂದೂಕಾಲು ಕೆಜಿ ಕೂಡ ತೂಗಲ್ಲ. ಮೇಸ್ತ್ರಿ ಊಟಕ್ಕೆ ಇಳಿದಾಗ ಐದು ಹಲಗೆ ಹಾರಿ ಪಕ್ಕದ ಖಾಲಿ ಸೈಟಿನಲ್ಲಿ ಬಿದ್ದವು. ಎರಡು ಮುರಿದವು. ಪುಣ್ಯಕ್ಕೆ ಯಾರ ಮೇಲೂ ಬೀಳಲಿಲ್ಲ. ಆಮೇಲೆ ಹಾಸಿದಷ್ಟಕ್ಕೂ ಅವತ್ತೇ ಕಾಂಕ್ರೀಟ್ ಹಾಕಿದೆವು. ಹೇಗೂ ಈ ಹಲಗೆಯನ್ನು ಬಹಳ ದಿನ ಬಿಸಿಲಿಗೆ ಬಿಡಬಾರದು, ಮೇಲ್ಮೈ ಪುಡಿಯಾಗುತ್ತದೆ.

ಗೋಡೆಯ ಶಾಖ ತೋರಿಸುವ ಗನ್ ಥರ್ಮಾಮೀಟರ್ ಒಂದನ್ನು ಕಡ ತಂದು, ಮೊದಲೂ ಆಮೇಲೂ ಏಪ್ರಿಲ್‌ನಲ್ಲಿ ಮಲಗುವ ಕೋಣೆಯ ಚಾವಣಿ ಅಳೆದೆ. ಸಂಜೆ ಆರಕ್ಕೆ 43 ಡಿಗ್ರಿ ಇದ್ದದ್ದು 34 ಕ್ಕೆ ಇಳಿದಿತ್ತು. ಈಗ ಮಧ್ಯಾಹ್ನವೂ ಹೊಲಿಯುತ್ತೇನೆ. ಪಶ್ಚಿಮದ ಗೋಡೆ ಮಾತ್ರ ಇನ್ನೂ ಕಾಯುತ್ತದೆ.

ಸೋಲಾರ್ ಸ್ಟ್ಯಾಂಡಿನ ಮುಂದೆ ಒಂದು ಪಟ್ಟಿ ಜಾಗಕ್ಕೆ ಹಲಗೆ ಕೂರಿಸಲು ಆಗಲಿಲ್ಲ. ಆ ಪಟ್ಟಿ ಮಲಗುವ ಕೋಣೆಯ ಮೇಲೇ ಬರುತ್ತದೆ. ಯಾರಾದರೂ ಇಷ್ಟು ಖರ್ಚು ಯಾಕೆ ಅಂತ ಕೇಳಿದರೆ ರಾತ್ರಿ ಎಂಟಕ್ಕೆ ಬರಲು ಹೇಳಿ, ಅಲ್ಲಿ ಸ್ಟೂಲು ಹತ್ತಿಸುತ್ತೇನೆ. ಒಂದು ಕೈ ಆ ಪಟ್ಟಿಯ ಕೆಳಗೆ, ಇನ್ನೊಂದು ಕೈ ಪಕ್ಕದಲ್ಲಿ ಇಟ್ಟು ನೋಡಿ ಅನ್ನುತ್ತೇನೆ.