ಗೈಡ್‌ಲೈನ್‌ಗೆ ಗುಣಿಸೋದು ಬಿಟ್ಟು ಸೈಟಿಗೆ ಬೆಲೆ ಕಟ್ಟೋದು ಕಲಿತೆ: ನನ್ನ ಅನುಭವ

ಬ್ಯಾಂಕ್ ಲೋನಿಗೆ ಸೈಟು, ಮನೆಗೆ ಬೆಲೆ ಕಟ್ಟಿ ರಿಪೋರ್ಟ್ ಕೊಡೋ ವ್ಯಾಲ್ಯೂಯರ್ ನಾನು. ಅಕ್ಕಪಕ್ಕದಲ್ಲಿ ಮಾರಾಟ ಆಗಿರೋದರ ಜೊತೆ ಹೋಲಿಸಿ ಬೆಲೆ ಕಟ್ಟೋದಕ್ಕೆ ಕಂಪೇರಬಲ್ ಸೇಲ್ ಮೆಥಡ್ ಅಂತಾರೆ. "ಮೈಸೂರಲ್ಲಿ ಕಂಪೇರಬಲ್ ಸೇಲ್ ಮೆಥಡ್ ನಡೆಯಲ್ಲ ಕಣಪ್ಪಾ, ಡೀಡಲ್ಲಿ ಬರೆಯೋದೊಂದು, ಕೈಯಲ್ಲಿ ಕೊಡೋದೊಂದು" ಅಂತ ನಮ್ಮ ಬ್ಯಾಂಕ್ ಪ್ಯಾನೆಲ್‌ನ ಹಿರಿಯ ವ್ಯಾಲ್ಯೂಯರ್‌ಗಳೆಲ್ಲ ಹೇಳ್ತಿದ್ರು. ಈಗ ಅವರಲ್ಲೇ ಇಬ್ರು ಮೂವರು ರಿಪೋರ್ಟಿಗೆ ಸೈನ್ ಹಾಕೋ ಮುಂಚೆ ಫೋನ್ ಮಾಡಿ "ಆ ಲೇಔಟಲ್ಲಿ ಎಷ್ಟು ನಡೀತಿದೆ, ನೋಡಿ ಹೇಳು" ಅಂತಾರೆ.

ವ್ಯಾಲ್ಯೂಯರ್ ಆಗೋಕೆ ಐಬಿಬಿಐ (ದಿವಾಳಿತನ ಮಂಡಳಿ) ಪರೀಕ್ಷೆ ಬರೆದೋರಿಗೆಲ್ಲ ಬೆಲೆ ಕಟ್ಟೋ ಮೂರು ಅಪ್ರೋಚೂ (ಮಾರಾಟದ ಹೋಲಿಕೆ, ಆದಾಯ, ಕಟ್ಟೋ ಖರ್ಚು) ಬಾಯಿಪಾಠ. 50 ಗಂಟೆ ಕ್ಲಾಸು, ಪಾಸಾಗೋಕೆ 60 ಪರ್ಸೆಂಟು, ಉತ್ತರ ತಪ್ಪಾದ್ರೆ ಕಾಲು ಭಾಗ ಅಂಕ ಕಟ್, ಇದೆಲ್ಲ ದಾಟಿ ಫೀಲ್ಡಿಗೆ ಬಂದ್ಮೇಲೆ ಎಲ್ಲರೂ ಮಾಡೋದು ಒಂದೇ, ಗೈಡ್‌ಲೈನ್ ವ್ಯಾಲ್ಯೂನ (ಸ್ಟಾಂಪ್ ಡ್ಯೂಟಿಗೆ ಸರ್ಕಾರ ಗೊತ್ತು ಮಾಡಿದ ರೇಟು) ಒಂದೂವರೆಗೋ ಎರಡಕ್ಕೋ ಗುಣಿಸು, ಒಬ್ಬ ಬ್ರೋಕರ್‌ನ ಕೇಳು, ಎರಡರ ಮಧ್ಯೆ ಎಲ್ಲೋ ನಿಲ್ಲಿಸು. 2023ರ ಅಕ್ಟೋಬರಲ್ಲಿ ಗೈಡ್‌ಲೈನ್ ಏರಿದಾಗ ಸೈಟಿನ ರೇಟು ಇದ್ದಲ್ಲೇ ಇತ್ತು, ಹಳೇ ಫ್ಯಾಕ್ಟರ್ ಹಾಕಿದೋರ ರಿಪೋರ್ಟು ಮಾತ್ರ ಮೇಲಕ್ಕೆ ಹಾರಿತ್ತು. ಸ್ಟಾಂಪ್ ಡ್ಯೂಟಿಗೆ ಅಂತ ಮಾಡಿಟ್ಟ ರೇಟಿನ ಪಟ್ಟಿ ಮಾರ್ಕೆಟ್ ವ್ಯಾಲ್ಯೂಗೆ ಆಧಾರ ಅಲ್ಲ ಅಂತ ಜವಾಜಿ ನಾಗನಾಥಂ ಕೇಸಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ, ಆದ್ರೂ ನಮ್ಮೋರು ಬಿಡಲ್ಲ.

ನಾನು ಮೊದಲು ಹಿಡಿದಿದ್ದು ಬಾಡಿಗೆ ದಾರಿ, ಯಾಕಂದ್ರೆ ಬಾಡಿಗೆ ಯಾರೂ ಮುಚ್ಚಿಡಲ್ಲ. ಒಂದು ಮನೆ, ತಿಂಗಳಿಗೆ 18 ಸಾವಿರ, ವರ್ಷಕ್ಕೆ 2.16 ಲಕ್ಷ, ಔಟ್‌ಗೋಯಿಂಗ್ಸ್ (ತೆರಿಗೆ, ರಿಪೇರಿ ಥರದ ಖರ್ಚು) ಆರನೇ ಒಂದು ಭಾಗ ಕಳೆದ್ರೆ 1.8 ಲಕ್ಷ. 8 ಪರ್ಸೆಂಟಲ್ಲಿ ಕ್ಯಾಪಿಟಲೈಸ್ ಮಾಡಿದ್ರೆ, ಅಂದ್ರೆ ಆ ಆದಾಯ ಬೆಲೆಯ 8 ಪರ್ಸೆಂಟ್ ಅಂತ ಇಟ್ಕೊಂಡ್ರೆ, ಇಪ್ಪತ್ತೆರಡೂವರೆ ಲಕ್ಷ. ಅದೇ ಮನೆ ಹೋಗಿದ್ದು 1.1 ಕೋಟಿ ಆಸುಪಾಸಿಗೆ, ಅಂದ್ರೆ ಮಾರ್ಕೆಟ್ಟೇ ಒಪ್ಪಿರೋ ಯೀಲ್ಡ್ (ಬೆಲೆಗೆ ವರ್ಷದ ಆದಾಯ) 1.6 ಪರ್ಸೆಂಟು. ಮನೆ ತಗೊಳ್ಳೋನು ಬಾಡಿಗೆ ನೋಡ್ಕೊಂಡು ತಗೊಳ್ಳಲ್ಲ, ಮುಂದೆ ಜಾಗ ಏರುತ್ತೆ ಅಂತ ತಗೋತಾನೆ. ಹಂಗಾಗಿ ಮನೆಗೆ ಈ ಮೆಥಡ್ ಕೈಬಿಟ್ಟೆ. ಅಂಗಡಿ, ಗೋಡೌನ್‌ಗೆ ಚೆನ್ನಾಗಿ ಕೂರುತ್ತೆ, ಆದ್ರೆ ಅಡ್ವಾನ್ಸ್ ದುಡ್ಡಿನ ಬಡ್ಡಿನ ಬಾಡಿಗೆಗೆ ಸೇರಿಸ್ಲೇಬೇಕು, ಸುಮಾರು ಜನ ಅದನ್ನ ಬಿಟ್ಟು ಲೆಕ್ಕ ಮಾಡ್ತಾರೆ.

ಆಮೇಲೆ ಎಕ್ಸೆಲ್‌ನಲ್ಲಿ ರಿಗ್ರೆಷನ್ ಹುಚ್ಚು, ಅಂದ್ರೆ ಯಾವ ಅಂಶಕ್ಕೆ ರೇಟು ಎಷ್ಟು ಬದಲಾಗುತ್ತೆ ಅಂತ ಅಂಕಿಅಂಶದಿಂದ ಲೆಕ್ಕ ಹಾಕೋದು. ಅರವತ್ತು ಚಿಲ್ಲರೆ ಡೀಲ್ ತುಂಬಿಸಿ ಓಡಿಸಿದ್ರೆ ರಸ್ತೆ ಅಗಲ ಆದಷ್ಟೂ ರೇಟು ಕಮ್ಮಿ ಅಂತ ಬಂತು! ಅಗಲ ರಸ್ತೆ ಇರೋದು ರಿಂಗ್ ರೋಡ್ ಆಚೆಯ ಹೊಸ ಲೇಔಟಲ್ಲಿ, ಸರಸ್ವತಿಪುರಂ ಕಡೆ ರಸ್ತೆ ಸಣ್ಣದು ಆದ್ರೆ ಜಾಗ ಚಿನ್ನ, ಎಲ್ಲಾ ಒಂದೇ ಶೀಟಲ್ಲಿ ಕಲೆಸಿದ್ರೆ ಇನ್ನೇನಾಗುತ್ತೆ. ಆದ್ರೆ ಅದರಿಂದ ಒಂದು ಸಿಕ್ತು, ಒಂದೇ ಲೇಔಟಿನ ಒಳಗೆ ಮಾತ್ರ ಹೋಲಿಸಬೇಕು, ಅದೂ ಜೋಡಿ ಜೋಡಿಯಾಗಿ.

ಈಗ ನಿಜವಾದ ರೇಟು ಬರೆದಿರೋ ಡೀಡು ಯಾವುದು ಅನ್ನೋದು. ಲೋನ್ ಮೇಲೆ ನಿಂತ ಡೀಲು ನೋಡಿ. 75 ಲಕ್ಷದ ಮೇಲಿನ ಲೋನ್ ಆದ್ರೆ ಬ್ಯಾಂಕು ಕೊಡೋದು ಬೆಲೆಯ ಮುಕ್ಕಾಲು ಭಾಗ ಅಷ್ಟೇ, ತಗೊಳ್ಳೋನು ಸಂಬಳದೋನಾದ್ರೆ ಡೀಡಲ್ಲಿ ಕಮ್ಮಿ ಬರೆಸಿದ್ರೆ ಅವನಿಗೇ ಲೋನ್ ಸಾಲಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ರೆ ಕ್ರಯಪತ್ರದ ಹಿಂದೆನೇ ಅಡಮಾನದ ಎಂಟ್ರಿ ಕೂತಿರುತ್ತೆ, ಅಂಥವನ್ನ ಆರಿಸಿ ಸರ್ಟಿಫೈಡ್ ಕಾಪಿ ತಗೊಂಡು ದುಡ್ಡು ಕೊಟ್ಟಿರೋ ಪ್ಯಾರಾ ಓದ್ತೀನಿ, ಚೆಕ್ಕು, ಡಿಡಿ ಎಲ್ಲಾ ಅಲ್ಲೇ ಇರುತ್ತೆ. ಲೋನ್ ಜಾಸ್ತಿ ಸಿಗ್ಲಿ ಅಂತ ಏರಿಸಿ ಬರೆಸೋರೂ ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಏರಿಸಿದ ಒಂದೊಂದು ಲಕ್ಷಕ್ಕೂ 5 ಪರ್ಸೆಂಟ್ ಡ್ಯೂಟಿ, 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಫೀಸೂ 2 ಪರ್ಸೆಂಟು, ಅಷ್ಟು ಸುಮ್ನೆ ಕಳ್ಕೊಳ್ಳೋರು ಕಮ್ಮಿ. ಈ ರೇಟುಗಳನ್ನ ಇನ್ನೂ ಖಾತ್ರಿ ಮಾಡ್ಕೊಳ್ಳೋಕೆ ನಗರಾಭಿವೃದ್ಧಿ ಪ್ರಾಧಿಕಾರದ ಕಾರ್ನರ್ ಸೈಟ್ ಹರಾಜು ಇದೆ, ಅಲ್ಲಿ ಕರಿ ದುಡ್ಡಿಗೆ ಜಾಗ ಇಲ್ಲ. ಆ ಬಿಡ್‌ನಲ್ಲಿ ಕಾರ್ನರ್‌ಗೆ ಅಂತ ಎಷ್ಟು, ಹರಾಜಿನ ಹುರುಪಿಗೆ ಅಂತ ಎಷ್ಟು ಇಳಿಸಬೇಕು ಅನ್ನೋ ಅಂಕಿ ಮಾತ್ರ ನನ್ನ ಹತ್ರನೇ ಇರ್ಲಿ.

ಒಂದು ಸೈಟಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸಕ್ಕೆ ರೇಟು ಎಷ್ಟು ಏರಿಸಬೇಕು, ಇಳಿಸಬೇಕು ಅನ್ನೋ ಅಡ್ಜಸ್ಟ್‌ಮೆಂಟ್ ಜೋಡಿಯಿಂದಲೇ ಬರುತ್ತೆ. ಒಂದೇ ಲೇಔಟು, ಎರಡೂ 30×40, ನಾಲ್ಕು ತಿಂಗಳ ಅಂತರ, ಪೂರ್ವ ದಿಕ್ಕಿಂದು ಚದರ ಅಡಿಗೆ 5,400, ದಕ್ಷಿಣದ್ದು 5,000, ಅಂದ್ರೆ ದಿಕ್ಕಿಗೆ 8 ಪರ್ಸೆಂಟು. ಇಂಥ ಏಳೆಂಟು ಜೋಡಿ ಸಿಕ್ಕಿದ್ರೆ ಸಾಕು, ವಾದ ಮಾಡೋರ ಬಾಯಿ ಕಟ್ಟಬಹುದು. ವ್ಯಾಘ್ರಮುಖ (ಮುಂದೆ ಅಗಲ, ಹಿಂದೆ ಕಿರಿದು), ರಸ್ತೆ ಕುತ್ತು (ರಸ್ತೆ ನೇರ ಬಂದು ಸೈಟಿಗೆ ಬಡಿಯೋದು) ಇದ್ರೆ ನಾನು 10ರಿಂದ 15 ಪರ್ಸೆಂಟ್ ಇಳಿಸ್ತೀನಿ, ನಂಬೋದು ಬಿಡೋದು ಬೇರೆ, ತಗೊಳ್ಳೋರು ಇಳಿಸ್ತಾರಲ್ಲ, ನಮಗೆ ಅದೇ ಲೆಕ್ಕ. ಚಿಮನ್‌ಲಾಲ್ ಹರಗೋವಿಂದದಾಸ್ ಕೇಸಲ್ಲಿ (1988) ಪ್ಲಸ್ಸು ಮೈನಸ್ಸು ಯಾವ್ಯಾವುದು ಅಂತ ಪಟ್ಟಿನೇ ಇದೆ, ಮುಂಭಾಗ, ಆಕಾರ, ರಸ್ತೆಗಿಂತ ತಗ್ಗು, ಎಲ್ಲಾ. ಹೊಸಬರು ಅದನ್ನ ಒಂದ್ಸಲ ಪೂರ್ತಿ ಓದ್ಲೇಬೇಕು.

ದುಡ್ಡಿನ ವಿಷ್ಯ. ಒಂದು ರಿಪೋರ್ಟಿಗೆ ಎರಡು ಮೂರು ಸಾವಿರ ಬರೋ ಕಾಲದಲ್ಲಿ ಕಾಪಿ, ಇಸಿ, ಪೆಟ್ರೋಲು ಅಂತ ಮೊದಲ ವರ್ಷ ನಲವತ್ತು ಸಾವಿರಕ್ಕೂ ಮೇಲೆ ಕೈಯಿಂದ ಹೋಯ್ತು, ಮನೇಲಿ ಕೇಳೋರು "ಏನ್ರೀ, ಬೇರೆಯೋರ ಕ್ರಯಪತ್ರ ದುಡ್ಡು ಕೊಟ್ಟು ತರ್ತೀರಲ್ಲ" ಅಂತ. ಒಂದು ಬ್ಯಾಂಕಂತೂ ರೇಟು ಕಮ್ಮಿ ಹಾಕ್ತೀನಿ ಅಂತ ಆರು ತಿಂಗಳು ಕೆಲಸನೇ ಕೊಡ್ಲಿಲ್ಲ. ಆಮೇಲೆ ಅವರದ್ದೇ ಒಂದು ಎನ್‌ಪಿಎ (ಸಾಲ ಕಟ್ಟದೆ ನಿಂತ) ಮನೆ ಬಂತು. ಗೈಡ್‌ಲೈನ್ ಲೆಕ್ಕದಲ್ಲಿ 62 ಲಕ್ಷ, ಬ್ರೋಕರ್ ಬಾಯಲ್ಲಿ 1.05 ಕೋಟಿ, ನಾನು ಕೊಟ್ಟಿದ್ದು 84 ಲಕ್ಷ. ಸಾಲ ತಗೊಂಡಿದ್ದ ಪಾರ್ಟಿನೇ ಬ್ಯಾಂಕ್ ಜೊತೆ ಸೆಟ್ಲ್‌ಮೆಂಟ್ ಮಾಡ್ಕೊಂಡು ಮಾರಿದ್ರು, ಹೋಗಿದ್ದು 86 ಲಕ್ಷಕ್ಕೆ. ಅವತ್ತಿಂದ ಆ ಬ್ರಾಂಚು ದೊಡ್ಡ ಕೇಸ್ ಇದ್ರೆ ನನಗೇ ಕಳಿಸುತ್ತೆ.

ಸದ್ಯ ನಂಜನಗೂಡು ರಸ್ತೆ ಕಡೆ ಎಕರೆ ಲೆಕ್ಕದ ಜಮೀನಿಗೆ ಪ್ಲಾಟಿಂಗ್ ಸ್ಕೀಮ್ ಹಾಕಿ ನೋಡ್ತಿದೀನಿ, ಅಂದ್ರೆ ಲೇಔಟ್ ಮಾಡಿ ಸೈಟ್ ಮಾರಿದ್ರೆ ಬರೋ ದುಡ್ಡಲ್ಲಿ ಖರ್ಚು, ಲಾಭ ಕಳೆದು ಜಮೀನಿನ ಬೆಲೆ ಹಿಡಿಯೋದು. ಒಂದು ಎಕರೆ 43,560 ಚದರ ಅಡಿ, ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ ಜಾಗ) ಬಿಟ್ಟು 55 ಪರ್ಸೆಂಟ್ ಉಳಿದ್ರೆ 30×40ದು ಇಪ್ಪತ್ತು ಸೈಟು. ಅಲ್ಲಿವರೆಗೆ ಸಲೀಸು. ಅಪ್ರೂವಲ್‌ಗೆ ಒಂದು ವರ್ಷ ಹಿಡೀತಾ ಎರಡು ವರ್ಷ ಹಿಡೀತಾ, ಡೆವಲಪರ್ ಲಾಭ 15 ಪರ್ಸೆಂಟ್ ಇಡೋದಾ 25 ಇಡೋದಾ, ಅಷ್ಟರಲ್ಲೇ ಎಕರೆ ರೇಟು ಸಿಕ್ಕಾಪಟ್ಟೆ ಎಗರಾಡುತ್ತೆ. ಇತ್ತೀಚೆಗೆ ಲೇಔಟ್ ಮಾಡಿ ಯುಜಿಡಿ (ಒಳಚರಂಡಿ), ರಸ್ತೆ, ಕರೆಂಟಿಗೆ ಆದ ನಿಜವಾದ ಬಿಲ್ ಯಾರ ಹತ್ರನಾದ್ರೂ ಇದ್ರೆ ಒಂದು ಭಾನುವಾರ ಕೂರೋಣ, ಬದಲಿಗೆ ಈ ಡೀಲುಗಳನ್ನ ಬರೆದಿಟ್ಟಿರೋ ನನ್ನ ಸೈಟ್ ರಿಜಿಸ್ಟರ್ ತೆಗೆದು ಮುಂದಿಡ್ತೀನಿ.