ಹಳೇ ಗೇಮಿಂಗ್ ಪಿಸಿಗೆ ಏನು ಹಾಕಿದೆ, ಏನು ಬಿಟ್ಟೆ

2019ರಲ್ಲಿ ಹುಬ್ಬಳ್ಳಿಯಲ್ಲೇ ಕಟ್ಟಿಸಿದ ಪಿಸಿ ಅದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ), 1 ಟಿಬಿ ಹಾರ್ಡ್ ಡಿಸ್ಕ್. ನಾಲ್ಕು ವರ್ಷ ಚೆನ್ನಾಗಿ ಓಡಿತು. 2023ರ ಕೊನೆಗೆ ಕೌಂಟರ್ ಸ್ಟ್ರೈಕ್ 2 ಅನ್ನೋ ಶೂಟಿಂಗ್ ಆಟ ಬಂತು ನೋಡಿ, ಅಲ್ಲಿಂದ ತೊಂದರೆ ಶುರು. ಹೊಗೆ ಬಾಂಬ್ (ಸ್ಮೋಕ್) ಬಿದ್ದ ಕೂಡಲೇ ಆಟ ತಡವರಿಸುತ್ತಿತ್ತು. ಸೈಬರ್‌ಪಂಕ್ 2077 ಆಟ ಅಂತೂ ಲೋ ಸೆಟ್ಟಿಂಗ್‌ನಲ್ಲೂ ಎಳೆದಾಡುತ್ತಿತ್ತು.

ಕೈಯಲ್ಲಿ 30 ಸಾವಿರ ಇತ್ತು. ಕೊಪ್ಪಿಕರ ರಸ್ತೆಯ ಕಡೆ ಹೋಗಿ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು, 'ಪ್ರೊಸೆಸರ್ ಹಳೇದಾತ್ರಿ, ಬೋರ್ಡ್ ಸಮೇತ ತೆಗೀರಿ' ಅಂದರು. ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಮಾತ್ರ ಸಾಕು ಅಂದರು. ಇಬ್ಬರೂ ನನ್ನ ಪಿಸಿ ನೋಡಿರಲಿಲ್ಲ. ದುಡ್ಡು ಕೊಡುವ ಮೊದಲು ನಾನೇ ಅಳೆದು ನೋಡೋಣ ಅಂತ ವಾಪಸ್ ಬಂದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶ ಹಾಕಿಕೊಂಡು, ಯಾವ ಭಾಗ ಎಷ್ಟು ದುಡಿಯುತ್ತಿದೆ ಅನ್ನೋ ಅಂಕಿಗಳು ಆಟದ ಮೂಲೆಯಲ್ಲಿ ಕಾಣುವ ಹಾಗೆ ಮಾಡಿಕೊಂಡೆ. ಸೈಬರ್‌ಪಂಕ್‌ನಲ್ಲಿ ಕಾರ್ಡ್ 99 ಶೇಕಡಾ ದುಡಿಯುತ್ತಿತ್ತು, ಅದರ 4 ಜಿಬಿ ಮೆಮೊರಿ ಪೂರ್ತಿ ತುಂಬಿತ್ತು. ಕೌಂಟರ್ ಸ್ಟ್ರೈಕ್‌ನಲ್ಲಿ ಬೇರೆಯೇ ಕಥೆ. ಆಟ ತಡವರಿಸುವ ಹೊತ್ತಿಗೆ ಕಾರ್ಡಿನ ದುಡಿಮೆ ಶೇಕಡಾ 65ಕ್ಕೆ ಇಳಿಯುತ್ತಿತ್ತು. ಅಂದರೆ ಕಾರ್ಡ್ ಸುಮ್ನೆ ಕಾಯುತ್ತಿದೆ, ಅದಕ್ಕೆ ಕೆಲಸ ತಂದುಕೊಡುವ ಪ್ರೊಸೆಸರ್, ರ‍್ಯಾಮ್‌ಗಳೇ ತಡ ಮಾಡುತ್ತಿವೆ. ಖಾತ್ರಿಗೆ ಎರಡೂ ಆಟಗಳ ಚಿತ್ರದ ಗಾತ್ರವನ್ನು 720ಪಿಗೆ ಇಳಿಸಿ ಆಡಿದೆ, ಆಗ ಕಾರ್ಡಿನ ಹೊರೆ ಕಡಿಮೆ. ಸೈಬರ್‌ಪಂಕ್‌ನಲ್ಲಿ ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಒಮ್ಮೆಲೇ ಏರಿತು. ಕೌಂಟರ್ ಸ್ಟ್ರೈಕ್‌ನಲ್ಲಿ ಇದ್ದಲ್ಲೇ ಇತ್ತು. ಅಂದರೆ ಮೊದಲನೆಯದರಲ್ಲಿ ಅಡ್ಡಿ ಕಾರ್ಡ್, ಎರಡನೆಯದರಲ್ಲಿ ಅಲ್ಲ. ಈ ಒಂದು ಪರೀಕ್ಷೆ ಎಲ್ಲರೂ ಮಾಡಬೇಕು. ಕಾಸು ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದೆ. ರ‍್ಯಾಮ್‌ನ ವೇಗ 2133 ಮೆಗಾಹರ್ಟ್ಸ್, ನಾಲ್ಕು ಸ್ಲಾಟ್‌ನಲ್ಲಿ ಒಂದೇ ತುಂಬಿದೆ ಅಂತ ತೋರಿಸಿತು. ನಾನು ಕೊಂಡದ್ದು 3000ದ ಸ್ಟಿಕ್! ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದೆ ಐದು ವರ್ಷ ಕಳೆದಿತ್ತು. ರೈಜನ್‌ಗೆ ಇದು ಜಾಸ್ತಿ ಪೆಟ್ಟು. ಪ್ರೊಸೆಸರ್‌ನ ಒಳಗಿನ ಭಾಗಗಳು ಮಾತಾಡಿಕೊಳ್ಳುವ ಹಾದಿಯ ವೇಗವೂ ರ‍್ಯಾಮ್‌ನ ವೇಗಕ್ಕೆ ಕಟ್ಟಿಕೊಂಡಿದೆ. ಮೇಲಾಗಿ ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್, ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಎರಡು ಹಾದಿ ಇದ್ದರೂ ಒಂದೇ ಬಳಕೆ.

ಏನನ್ನೂ ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿದೆ. ನಮ್ಮ ಮನೆ ಗೋಕುಲ ರಸ್ತೆಯ ಹತ್ತಿರ, ಅಲ್ಲಿನ ಧೂಳು ಗೊತ್ತಲ್ವಾ? ಫ್ಯಾನಿನ ಹಿಂದೆ ಕಂಬಳಿಯ ಹಾಗೆ ಕೂತಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿಯಿರಿ. ಕೂಲರ್ ತೆಗೆಯುವಾಗ ಇನ್ನೂ ಹುಷಾರು. ಈ ರೈಜನ್‌ಗಳ ಪಿನ್ನುಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ನಡುವೆ ಶಾಖ ದಾಟಿಸುವ ಪೇಸ್ಟ್ ಒಣಗಿ ಅಂಟಿಕೊಂಡು, ಕೂಲರ್ ಜೊತೆಗೆ ಪ್ರೊಸೆಸರೂ ಕಿತ್ತು ಬರಬಹುದು. ನಾನು ಅರ್ಧ ಗಂಟೆ ಆಟ ಓಡಿಸಿ ಬಿಸಿ ಮಾಡಿದೆ. ಪಿಸಿ ಆಫ್ ಮಾಡಿ, ಕೂಲರನ್ನು ಆಚೀಚೆ ತಿರುವಿ ಮೆಲ್ಲಗೆ ಎತ್ತಿದೆ. ಹೊಸ ಪೇಸ್ಟ್ ಹಾಕಿದ ಮೇಲೆ ಪ್ರೊಸೆಸರ್‌ನ ಬಿಸಿ 88 ಡಿಗ್ರಿ ಇದ್ದದ್ದು 74ಕ್ಕೆ ಬಂತು. ಏಪ್ರಿಲ್ ಬಿಸಿಲಲ್ಲಿ!

ಮೊದಲ ಖರೀದಿ ಇನ್ನೊಂದು 8 ಜಿಬಿ ಸ್ಟಿಕ್. ನನ್ನಲ್ಲಿದ್ದ ಮಾಡೆಲ್ ಸಿಗಲಿಲ್ಲ, ಬೇರೆ ಕಂಪನಿಯದು ತಂದೆ. ಎರಡೂ ಚಾನೆಲ್ ಬಳಕೆಯಾಗಲಿ ಅಂತ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದೆ. 3000ಕ್ಕೆ ಇಟ್ಟರೆ ಪಿಸಿ ತಾನೇ ರೀಸ್ಟಾರ್ಟ್ ಆಗುತ್ತಿತ್ತು. 2933ಕ್ಕೆ ಇಳಿಸಿ, ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ. ಒಂದೂ ತಪ್ಪು ಬರಲಿಲ್ಲ. ಈ ಪ್ರೊಸೆಸರ್‌ಗೆ ಎಎಂಡಿ ಹೇಳಿದ ವೇಗವೂ ಅಷ್ಟೇ. ಕೌಂಟರ್ ಸ್ಟ್ರೈಕ್‌ನ ತಡವರಿಕೆ ಮುಕ್ಕಾಲು ಪಾಲು ಅಲ್ಲಿಗೇ ನಿಂತಿತು.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಬೇಕೋ ಬೇಡವೋ ಅಂತ ಯೋಚಿಸುವುದೇ ಇರಲಿಲ್ಲ. ಸೈಬರ್‌ಪಂಕ್‌ನ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಈಗ ಅದು ಇದೆ. 500 ಜಿಬಿಯದು ಹಾಕಿಕೊಂಡೆ.

ಕಾರ್ಡ್‌ಗೆ ಮಾನಿಟರ್ ನೋಡಿ ತೀರ್ಮಾನಿಸಿದೆ. ನನ್ನದು 1080ಪಿ, 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುವುದು. ಅದಕ್ಕೆ 8 ಜಿಬಿಯ ಆರ್‌ಎಕ್ಸ್ 6600 ಧಾರಾಳ ಸಾಕು. ಆದರೆ ಹಳೇ ಕಾರ್ಡ್ ಸ್ಲಾಟ್‌ನಿಂದಲೇ ಕರೆಂಟ್ ಎಳೆಯುತ್ತಿತ್ತು, ಇದಕ್ಕೆ 8 ಪಿನ್ ಕೇಬಲ್ ಬೇಕು. ಕ್ಯಾಬಿನೆಟ್ ಜೊತೆ ಬಂದಿದ್ದ ಪವರ್ ಸಪ್ಲೈನಲ್ಲಿ ಅದು ಇರಲಿಲ್ಲ. 'ಕನ್ವರ್ಟರ್ ಹಾಕ್ಕೊಳ್ಳಿ' ಅಂತ ಗೆಳೆಯ ಹೇಳಿದ, ನಾನು ಒಪ್ಪಲಿಲ್ಲ. 20 ಸಾವಿರದ ಕಾರ್ಡನ್ನು ಹೆಸರಿಲ್ಲದ ಡಬ್ಬಿಗೆ ನಂಬಿ ಕೊಡೋದಾ? 550 ವ್ಯಾಟ್‌ನ, 80 ಪ್ಲಸ್ ಬ್ರಾಂಝ್ (ಕರೆಂಟ್ ಕಡಿಮೆ ಪೋಲಾಗುವ ದರ್ಜೆ) ಸಪ್ಲೈ ತಂದೆ. ಇದರಲ್ಲಿ ಉಳಿತಾಯ ಮಾಡಬೇಡಿ.

ಪ್ರೊಸೆಸರ್ ಬದಲಿಸಲಿಲ್ಲ. ಕೌಂಟರ್ ಸ್ಟ್ರೈಕ್‌ನಲ್ಲಿ ಹೊಸ ಕಾರ್ಡ್ ಈಗಲೂ ಅರ್ಧ ಖಾಲಿ ಕೂತಿರುತ್ತದೆ, ನಿಜ. ಆದರೂ 75 ಫ್ರೇಮ್‌ಗಿಂತ ಕೆಳಗೆ ಇಳಿಯುವುದು ಅಪರೂಪ. ನನ್ನ ಮಾನಿಟರ್ ಅದಕ್ಕಿಂತ ಜಾಸ್ತಿ ತೋರಿಸುವುದೂ ಇಲ್ಲ. ಮುಂದೆ ಬೇಕಾದರೆ ಇದೇ ಬೋರ್ಡಿಗೆ ರೈಜನ್ 5 5600 ಕೂರುತ್ತದೆ, ಬಯಾಸ್ ಅಪ್‌ಡೇಟ್ ಮಾಡಿದರೆ ಆಯಿತು. ಆದರೆ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ನಮ್ಮ ಓಣಿಯಲ್ಲಿ ಮಳೆಯ ನಾಲ್ಕು ಹನಿ ಬಿದ್ದರೂ ಕರೆಂಟ್ ಹೋಗುತ್ತದೆ. ಹಾಗಾಗಿ ಅದಕ್ಕೂ ಮೊದಲು ಯುಪಿಎಸ್‌ನ ಬ್ಯಾಟರಿ ಬದಲಿಸಬೇಕು.